ಆಟ ಮುಗಿಯಬೇಕು, ಆಮೇಲೂ ಉಳಿಯಬೇಕು

ಹೊಸ ಗೇಮ್ ಕೊಳ್ಳುವ ಮೊದಲು ನಾನು ಎರಡು ವಿಷಯ ವಿಚಾರಿಸುತ್ತೇನೆ. ಇದಕ್ಕೊಂದು ಕೊನೆ ಅಂತ ಇದೆಯಾ? ನಾಳೆ ಕಂಪನಿ ಸರ್ವರ್ ನಿಲ್ಲಿಸಿದರೆ ಇದು ನನ್ನ ಹತ್ತಿರ ಉಳಿಯುತ್ತದಾ? ಗ್ರಾಫಿಕ್ಸು, ಮ್ಯಾಪಿನ ಗಾತ್ರ, ಎಷ್ಟು ಗಂಟೆ ಆಡಬಹುದು ಅನ್ನುವುದೆಲ್ಲ ಆಮೇಲಿನ ಮಾತು. ಈಗ ಬರುವ ದೊಡ್ಡ ಬಜೆಟ್ಟಿನ ಗೇಮುಗಳಲ್ಲಿ ಬಹಳಷ್ಟು ಈ ಎರಡರಲ್ಲೂ ಸೋಲುತ್ತವೆ. ನಾವು ಎದ್ದು ಹೋಗದ ಹಾಗೆ ಹಿಡಿದಿಡಲು ಇನ್ನಿಲ್ಲದ ಪ್ರಯತ್ನ ಮಾಡುತ್ತವೆ, ಲಾಭ ಕಡಿಮೆಯಾದ ದಿನ ತಾವೇ ಎದ್ದು ಹೋಗುತ್ತವೆ. ಇದನ್ನು ನೋಡಿ ನೋಡಿ ಹೊಟ್ಟೆ ಉರಿದು ಬರೆಯುತ್ತಿದ್ದೇನೆ.

ಮೊದಲು ಆಟಗಾರರ ಮೇಲಿನ ಪ್ರೀತಿಯಿಂದ ಮಾಡಿದ ಕೆಲಸ ಹೇಗಿರುತ್ತದೆ ಅಂತ ಹೇಳಿಬಿಡುತ್ತೇನೆ. 2018ರಲ್ಲಿ ಬಂದ ಸೆಲೆಸ್ಟ್ ನನಗೆ ತುಂಬಾ ಇಷ್ಟದ ಗೇಮ್. ಮ್ಯಾಡೆಲಿನ್ ಅನ್ನುವ ಹುಡುಗಿ ಒಂದು ಬೆಟ್ಟ ಹತ್ತುತ್ತಾಳೆ, ಕಥೆ ಇಷ್ಟೇ. ಆಟ ಮಾತ್ರ ಭಾರಿ ಕಷ್ಟ, ಒಂದೊಂದು ಪರದೆಯಲ್ಲೂ ಲೆಕ್ಕವಿಲ್ಲದಷ್ಟು ಸಲ ಸಾಯುತ್ತೇವೆ. ಆದರೂ ಮೋಸ ಆಯಿತು ಅಂತ ಒಮ್ಮೆಯೂ ಅನಿಸುವುದಿಲ್ಲ. ಯಾಕೆ ಅನ್ನುವುದು ಕೋಡ್ ಒಳಗಿದೆ. ಅಂಚು ದಾಟಿ ಕಾಲು ಗಾಳಿಗೆ ಹೋದ ಮೇಲೂ ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಹೊತ್ತು ಜಂಪ್ ಒತ್ತಿದರೆ ಆಟ ಒಪ್ಪಿಕೊಳ್ಳುತ್ತದೆ. ಗೇಮ್ ಮಾಡುವವರು ಇದಕ್ಕೆ ಕಯೋಟಿ ಟೈಮ್ ಅನ್ನುತ್ತಾರೆ. ನೆಲ ಮುಟ್ಟುವ ಮುಂಚೆಯೇ ಆತುರದಲ್ಲಿ ಬಟನ್ ಒತ್ತಿದ್ದರೆ ಅದನ್ನು ನೆನಪಿಟ್ಟುಕೊಂಡು ಕಾಲು ತಾಗಿದ ತಕ್ಷಣ ನೆಗೆಸುತ್ತದೆ. ಮೇಲಿನ ಕಲ್ಲಿನ ಮೂಲೆಗೆ ತಲೆ ತಾಗುವಂತಿದ್ದರೆ ಮ್ಯಾಡೆಲಿನ್‌ಳನ್ನು ಒಂಚೂರು ಪಕ್ಕಕ್ಕೆ ಸರಿಸಿ ದಾರಿ ಬಿಡುತ್ತದೆ. ಗೋಡೆಯಿಂದ ಎರಡು ಪಿಕ್ಸೆಲ್ ದೂರದಲ್ಲಿದ್ದರೂ ಗೋಡೆಯನ್ನು ಒದ್ದು ಹಾರಬಹುದು. ಇದನ್ನು ರೂಪಿಸಿದ ಮ್ಯಾಡಿ ಥಾರ್ಸನ್ ಈ ಗುಟ್ಟುಗಳನ್ನೆಲ್ಲ ಬಹಿರಂಗವಾಗಿಯೇ ವಿವರಿಸಿದ್ದಾರೆ. ಆಟಗಾರ ಏನು ಮಾಡಲು ಹೊರಟಿದ್ದ ಅಂತ ಊಹಿಸಿ, ಬೆರಳಿನ ಸಣ್ಣ ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳುವ ಕೆಲಸ ಇದು. ಆಡುವಾಗ ಇದ್ಯಾವುದೂ ಕಣ್ಣಿಗೆ ಕಾಣುವುದಿಲ್ಲ, ನಾನೇ ಚೆನ್ನಾಗಿ ಆಡುತ್ತಿದ್ದೇನೆ ಅನಿಸುತ್ತದೆ.

ಈಗ ಇದೇ ಜಾಣತನ ತಿರುಗಿ ನಿಂತರೆ ಏನಾಗುತ್ತದೆ ನೋಡಿ. 2022ರ ಡಿಸೆಂಬರಿನಲ್ಲಿ ಗ್ರಾಹಕರ ಹಿತ ಕಾಯುವ ಅಮೆರಿಕದ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ ಫೋರ್ಟ್‌ನೈಟ್ ಕಂಪನಿ ಎಪಿಕ್ ಗೇಮ್ಸ್ ಮೇಲೆ ಎರಡು ಪ್ರಕರಣ ಹಾಕಿತು. ಒಟ್ಟು 52 ಕೋಟಿ ಡಾಲರಿಗೆ ರಾಜಿಯಾಯಿತು. ಅದರಲ್ಲಿ 24.5 ಕೋಟಿ ಡಾಲರು ಆಟಗಾರರಿಗೆ ವಾಪಸು ಕೊಡಲು. ಈ ವಾಪಸಿನ ಪ್ರಕರಣದ ಆರೋಪ ಏನೆಂದರೆ, ಬಟನ್‌ಗಳನ್ನು ಜೋಡಿಸಿದ ರೀತಿಯೇ ಗೊಂದಲದ್ದಾಗಿತ್ತು, ಒಂದೇ ಒಂದು ಒತ್ತಿಗೆ ದುಡ್ಡು ಕಟ್ಟಾಗುತ್ತಿತ್ತು. ಸ್ಲೀಪ್ ಮೋಡಿನಿಂದ ಗೇಮ್ ಎಬ್ಬಿಸಲು ಒತ್ತಿದರೂ, ಲೋಡಿಂಗ್ ಪರದೆ ಇರುವಾಗ ಒತ್ತಿದರೂ, ವಸ್ತು ಹೇಗಿದೆ ಅಂತ ನೋಡಲು ಹೋಗಿ ಪಕ್ಕದ ಬಟನ್ ತಾಗಿದರೂ ಖರೀದಿ ಆಗಬಹುದಿತ್ತು. ರದ್ದು ಮಾಡುವ, ರೀಫಂಡ್ ಕೇಳುವ ದಾರಿಯನ್ನು ಬೇಕೆಂದೇ ಕಾಣದ ಹಾಗೆ ಇಟ್ಟಿದ್ದರು ಅಂತಲೂ ಕಮಿಷನ್ ಹೇಳಿತು. ಹೆಬ್ಬೆರಳು ಯಾವಾಗ ಎಲ್ಲಿರುತ್ತದೆ, ಎಷ್ಟು ಬೇಗ ಒತ್ತುತ್ತದೆ ಅನ್ನುವುದನ್ನು ಸೆಲೆಸ್ಟ್ ತಂಡವೂ ತಿಳಿದಿತ್ತು. ಅವರು ಅದನ್ನು ನಮ್ಮನ್ನು ಬೀಳದಂತೆ ತಡೆಯಲು ಬಳಸಿದರು. ನನಗೆ ಗೇಮ್ ಡಿಸೈನ್ ಅಂದರೆ ಗೌರವ ಇರುವುದರಿಂದಲೇ ಈ ಎರಡನೆಯ ಬಗೆಯ ಕೆಲಸ ಕಂಡರೆ ಸಿಟ್ಟು ಬರುತ್ತದೆ.

ದುಡ್ಡಿನ ಯೋಚನೆ ಡಿಸೈನಿನ ಒಳಗೆ ಹೊಕ್ಕರೆ ಆಟ ಹೇಗೆ ಕೆಡುತ್ತದೆ ಅನ್ನುವುದಕ್ಕೆ ನಾನು ಯಾವಾಗಲೂ ಕೊಡುವ ಉದಾಹರಣೆ 2017ರ ಶ್ಯಾಡೋ ಆಫ್ ವಾರ್. ಅದರಲ್ಲಿ ನೆಮೆಸಿಸ್ ಅನ್ನುವ ವ್ಯವಸ್ಥೆ ಇದೆ. ನಿಮ್ಮನ್ನು ಕೊಂದ ಓರ್ಕ್ ಅನ್ನುವ ರಾಕ್ಷಸ ಜಾತಿಯ ಯಾವುದೋ ಸಾಮಾನ್ಯ ಸೈನಿಕನಿಗೆ ಬಡ್ತಿ ಸಿಗುತ್ತದೆ, ಒಂದು ಹೆಸರು ಬರುತ್ತದೆ. ಮುಂದೆ ಎದುರಾದಾಗ ಹಿಂದಿನ ಸಾವನ್ನು ನೆನಪಿಸಿ ಹಂಗಿಸುತ್ತಾನೆ. ಬೆಂಕಿ ಹಚ್ಚಿ ಮುಗಿಸಿದೆ ಅಂದುಕೊಂಡವನು ಸುಟ್ಟ ಮುಖ ಹೊತ್ತು ಸೇಡಿಗೆ ಬರುತ್ತಾನೆ. ಯಾರೂ ಬರೆದಿಡದ ವೈರ, ನಿಮ್ಮ ಆಟದಲ್ಲಿ ಮಾತ್ರ ಹುಟ್ಟಿದ್ದು. ಅಂಥವನನ್ನು ಕಷ್ಟಪಟ್ಟು ಸೋಲಿಸಿ ನಿಮ್ಮ ಕಡೆಗೆ ಸೇರಿಸಿಕೊಂಡಾಗ ಆಗುವ ಖುಷಿ ಬೇರೆ ಆಟಗಳಲ್ಲಿ ನನಗೆ ಸಿಕ್ಕಿಲ್ಲ. ಇಷ್ಟು ಒಳ್ಳೆಯ ಯೋಚನೆಯ ಪಕ್ಕದಲ್ಲೇ ಒಂದು ಅಂಗಡಿ ತೆರೆದು, ದುಡ್ಡು ಕೊಟ್ಟರೆ ಪೆಟ್ಟಿಗೆಯಿಂದ ಬಲಶಾಲಿ ಓರ್ಕ್ ಸಿಗುವ ಹಾಗೆ ಮಾಡಿದರು. ಪೆಟ್ಟಿಗೆಯಿಂದ ಬಂದವನ ಜೊತೆ ನಮಗೆ ಯಾವ ಹಳೆಯ ಲೆಕ್ಕವೂ ಇಲ್ಲ. ಕೊನೆಯ ಭಾಗವನ್ನು ಎಳೆದೂ ಎಳೆದೂ ಉದ್ದ ಮಾಡಿದ್ದರಿಂದ ಅಂಗಡಿಯ ಕಡೆ ಕಣ್ಣು ಹೋಗುವುದು ಸಹಜವೂ ಆಗಿತ್ತು. 2018ರಲ್ಲಿ ಗೇಮ್ ಮಾಡಿದ ಮೊನೊಲಿತ್ ತಂಡವೇ ಇದನ್ನು ಒಪ್ಪಿಕೊಂಡಿತು. ಓರ್ಕ್‌ಗಳನ್ನು ಮಾರುವುದು ಆಟದ ಜೀವಾಳವಾದ ನೆಮೆಸಿಸ್‌ಗೇ ಪೆಟ್ಟು ಕೊಡುತ್ತಿದೆ ಅಂತ ಹೇಳಿ ಅಂಗಡಿ ಮುಚ್ಚಿತು, ಕೊನೆಯ ಭಾಗವನ್ನೂ ಚಿಕ್ಕದು ಮಾಡಿತು. ಹಾಗೆ ಒಪ್ಪಿಕೊಂಡಿದ್ದಕ್ಕೆ ನನಗೆ ಅವರ ಬಗ್ಗೆ ಗೌರವ ಇದೆ. ಮಾಡಿದವರ ಬಾಯಿಂದಲೇ ಬಂದ ಮೇಲೆ "ಬೇಡದಿದ್ದರೆ ಕೊಳ್ಳಬೇಡಿ, ನಿಮಗೇನು ನಷ್ಟ" ಅನ್ನುವ ವಾದ ನನ್ನ ಮಟ್ಟಿಗೆ ಅಲ್ಲಿಗೇ ಬಿದ್ದುಹೋಯಿತು. ಕೊಳ್ಳದವನು ಆಡುವುದೂ ಆ ಅಂಗಡಿಗಾಗಿ ಹಿಗ್ಗಿಸಿದ ಆಟವನ್ನೇ.

ಇದಕ್ಕೆಲ್ಲ ಮೂಲ ಅಂತ ಜನ 2006ರ ಒಬ್ಲಿವಿಯನ್ ಗೇಮಿನ ಕುದುರೆ ಕವಚವನ್ನು ತೋರಿಸುತ್ತಾರೆ, ಗೇಮ್ ಕೊಂಡ ಮೇಲೂ ಬೇರೆಯಾಗಿ ಎರಡೂವರೆ ಡಾಲರ್ ಕೊಟ್ಟು ಕೊಳ್ಳಬೇಕಿದ್ದದ್ದು. ಆಗ ಅದನ್ನು ಕಂಡು ಊರೆಲ್ಲ ಬೈದಿತ್ತು, ಈಗ ಅದು ಕಣ್ಣಿಗೇ ಬೀಳದಷ್ಟು ಸಣ್ಣದು. 2017ರ ಸ್ಟಾರ್ ವಾರ್ಸ್ ಬ್ಯಾಟಲ್‌ಫ್ರಂಟ್ 2 ಹೊತ್ತಿಗೆ ಪೂರ್ತಿ ಬೆಲೆ ಕೊಟ್ಟು ಕೊಂಡ ಗೇಮಿನಲ್ಲೂ ಲೂಟ್ ಬಾಕ್ಸ್, ಅಂದರೆ ತೆರೆಯುವವರೆಗೂ ಒಳಗೇನಿದೆ ಅಂತ ಗೊತ್ತಾಗದ ಪೆಟ್ಟಿಗೆ, ಬಂದಿತ್ತು. ಡಾರ್ತ್ ವೇಡರ್ ಆಗಿ ಆಡಲು ಆಟದೊಳಗಿನ ಹಣ 60,000 ಕ್ರೆಡಿಟ್ ಕೂಡಿಹಾಕಬೇಕಿತ್ತು. ಕಂಪನಿ ರೆಡಿಟ್‌ನಲ್ಲಿ ಕೊಟ್ಟ ಸಮಜಾಯಿಷಿಗೆ ಆರು ಲಕ್ಷಕ್ಕೂ ಹೆಚ್ಚು ಡೌನ್‌ವೋಟ್ ಬಿದ್ದವು, ಬಿಡುಗಡೆಗೆ ಮುಂಚೆಯೇ ಗೇಮಿನೊಳಗೆ ದುಡ್ಡಿಗೆ ಮಾರುವುದನ್ನು ನಿಲ್ಲಿಸಬೇಕಾಯಿತು. ಮರುವರ್ಷ ಬೆಲ್ಜಿಯಂನ ಗೇಮಿಂಗ್ ಕಮಿಷನ್ ಇಂಥ ಪೆಟ್ಟಿಗೆಗಳು ಜೂಜಿನ ಕಾನೂನಿಗೆ ವಿರುದ್ಧ ಅಂತ ಹೇಳಿತು. ಆಟಗಾರರು ಒಟ್ಟಾಗಿ ಗಲಾಟೆ ಮಾಡಿದರೆ ಕೆಲಸ ಆಗುತ್ತದೆ ಅನ್ನುವ ನಂಬಿಕೆ ನನಗೆ ಗಟ್ಟಿಯಾಗಿದ್ದು ಆಗಲೇ.

ಲೂಟ್ ಬಾಕ್ಸ್ ತಗ್ಗಿದ ಮೇಲೆ ಬಂದಿದ್ದು ಕ್ಯಾಲೆಂಡರ್. ಅಕ್ಕನ ಮಗ ಮೊಬೈಲಿನಲ್ಲಿ ಒಂದು ಗೇಮ್ ಆಡುತ್ತಾನೆ. ಒಂದು ದಿನ ಅವನ ಪಕ್ಕದಲ್ಲಿ ಕೂತು ನೋಡಿದೆ. ತೆರೆದ ಕೂಡಲೇ ಇವತ್ತಿನ ಲಾಗಿನ್ ಬಹುಮಾನ. ಅದನ್ನು ಮುಚ್ಚಿದರೆ ಇನ್ನೊಂದು ಆಫರ್, ಅದರ ಮೇಲೆ ಸೆಕೆಂಡು ಸೆಕೆಂಡಿಗೂ ಇಳಿಯುವ ಗಡಿಯಾರ. ಅದನ್ನೂ ದಾಟಿದರೆ ಮೆನು ತುಂಬ ಕೆಂಪು ಚುಕ್ಕೆ, ಒಂದೊಂದನ್ನೂ ಒತ್ತಿ ಆರಿಸಬೇಕು. ನಾಣ್ಯ, ವಜ್ರ, ಟಿಕೆಟ್ ಅಂತ ಮೂರು ಬಗೆಯ ಹಣ. ವಜ್ರದ ಪ್ಯಾಕಿನ ಲೆಕ್ಕವೂ ಅಂಗಡಿಯ ವಸ್ತುವಿನ ಬೆಲೆಯೂ ಎಂದೂ ಸರಿಹೊಂದುವುದಿಲ್ಲ. ಪ್ರತಿ ಸಲವೂ ಯಾವುದಕ್ಕೂ ಸಾಲದಷ್ಟು ವಜ್ರ ಕೈಯಲ್ಲಿ ಉಳಿಯುತ್ತದೆ, ಅದು ವ್ಯರ್ಥವಾಗಬಾರದು ಅಂದರೆ ಇನ್ನೊಂದು ಪ್ಯಾಕ್ ಕೊಳ್ಳಬೇಕು. ಇಷ್ಟೆಲ್ಲ ಆದರೂ ಹುಡುಗ ಇನ್ನೂ ಆಟ ಶುರು ಮಾಡಿರಲಿಲ್ಲ. "ಇವತ್ತು ಸಾಕು, ಮಲಗೋ" ಅಂದರೆ, "ಮಾಮ, ಇವತ್ತು ಬಿಟ್ರೆ ಸ್ಟ್ರೀಕ್ ಹೋಗತ್ತೆ" ಅಂದ. ಒಂದು ದಿನವೂ ತಪ್ಪದೆ ಆಡಿದ ಲೆಕ್ಕ ಅದು. ಖುಷಿ ಆಗ್ತಿದೆಯಾ ಅಂತ ಕೇಳಿದೆ. ಸ್ವಲ್ಪ ಹೊತ್ತು ಯೋಚಿಸಿ, "ಮುಂಚೆ ಆಗ್ತಿತ್ತು" ಅಂದ. ಆ ಮಾತು ಕೇಳಿ ನನಗೆ ಸಂಕಟವಾಯಿತು.

ಒಂದು ಸೀಸನ್ನಿನ ಬಹುಮಾನಗಳನ್ನು ಆಡಿ ಗಳಿಸಲು ಕೊಳ್ಳುವ ಬ್ಯಾಟಲ್ ಪಾಸ್ ಅನ್ನುವುದರ ಒಳಮರ್ಮವೂ ಇದೇ. ದುಡ್ಡು ಕೊಟ್ಟು ಕೊಂಡ ಮೇಲೂ ಸೀಸನ್ ಮುಗಿಯುವುದರೊಳಗೆ ದುಡಿದು ತೆಗೆದುಕೊಳ್ಳದಿದ್ದರೆ ಅದು ನಮ್ಮದಲ್ಲ. ಹೀಗೆ ಮಾಡಲೇಬೇಕಾದ ಅನಿವಾರ್ಯತೆ ಏನೂ ಇಲ್ಲ. ಹೇಲೋ ಇನ್‌ಫಿನಿಟ್‌ನಲ್ಲಿ ಕೊಂಡ ಪಾಸಿಗೆ ಅವಧಿ ಮುಗಿಯುವುದಿಲ್ಲ. ಹೆಲ್‌ಡೈವರ್ಸ್ 2ರ ವಾರ್‌ಬಾಂಡ್‌ಗಳೂ ಹಾಗೆಯೇ, ಆರು ತಿಂಗಳು ಬಿಟ್ಟು ಬಂದರೂ ಕಾದಿರುತ್ತವೆ. ಸರ್ವರ್ ನಡೆಸಲು, ಹೊಸ ಮ್ಯಾಪ್ ಮಾಡಲು ದುಡ್ಡು ಬೇಕು, ಉಚಿತವಾಗಿ ಕೊಟ್ಟ ಗೇಮ್ ಎಲ್ಲಿಂದಲಾದರೂ ಗಳಿಸಬೇಕು, ಒಪ್ಪುತ್ತೇನೆ. ನಾನೂ ಸ್ಕಿನ್, ಅಂದರೆ ಪಾತ್ರದ ವೇಷ, ಕೊಂಡಿದ್ದೇನೆ, ಇಷ್ಟಪಟ್ಟೇ ಕೊಂಡಿದ್ದೇನೆ. ಕೊಂಡಿದ್ದಕ್ಕೆ ಗಡುವು ಹಾಕುವುದನ್ನು ಮಾತ್ರ ಒಪ್ಪಲಾರೆ.

ಮುಗಿಯುವ ಆಟ ಎಷ್ಟು ಘನವಾಗಿರಬಹುದು ಅಂತ ತೋರಿಸಿಕೊಟ್ಟಿದ್ದು 2019ರ ಔಟರ್ ವೈಲ್ಡ್ಸ್. ಒಂದು ಪುಟ್ಟ ಸೌರಮಂಡಲ, ನಿಮಗೊಂದು ಮರದ ಹಲಗೆಯ ನೌಕೆ. 22 ನಿಮಿಷಕ್ಕೆ ಸೂರ್ಯ ಸಿಡಿಯುತ್ತದೆ, ಎಲ್ಲ ಮತ್ತೆ ಮೊದಲಿನಿಂದ ಶುರು. ಹೊಸ ಆಯುಧ ಇಲ್ಲ, ಲೆವೆಲ್ ಏರುವುದಿಲ್ಲ. ಮುಂದಿನ ಸುತ್ತಿಗೆ ಹೋಗುವುದು ನೀವು ಕಂಡುಕೊಂಡದ್ದು ಮಾತ್ರ. ಜೋಡಿ ಗ್ರಹಗಳಲ್ಲಿ ಒಂದರಿಂದ ಇನ್ನೊಂದಕ್ಕೆ ಮರಳು ಸುರಿಯುತ್ತಿರುತ್ತದೆ. ಒಂದು ಕಡೆ ಗುಹೆಗಳು ಮುಚ್ಚಿಹೋಗುತ್ತವೆ, ಇನ್ನೊಂದು ಕಡೆ ಹೂತಿದ್ದ ಗೋಪುರಗಳು ಮೇಲೇಳುತ್ತವೆ. ಮೊದಲ ಸಲ ಗುಹೆಯಲ್ಲಿ ಗೋಡೆಬರಹ ಓದುತ್ತ ನಿಂತಿದ್ದಾಗ ಕಾಲಡಿಯ ಮರಳು ಏರಿ ಏರಿ ಚಾವಣಿಗೆ ನನ್ನನ್ನು ಒತ್ತಿ ಸಾಯಿಸಿತು. ಹಾಗೆ ಸತ್ತ ಮೇಲೆ ಯಾವ ಹೊತ್ತಿಗೆ ಎಲ್ಲಿಗೆ ಹೋಗಬೇಕು ಅಂತ ಯಾರೂ ಹೇಳಿಕೊಡಬೇಕಾಗಲಿಲ್ಲ. ಮ್ಯಾಪಿನ ಮೇಲೆ ಚಿಹ್ನೆ ಹಾಕಿ ಕೈಹಿಡಿದು ನಡೆಸುವ ಆಟಗಳಲ್ಲಿ ಇಂಥ ತಿಳಿವಳಿಕೆ ಹುಟ್ಟುವುದಕ್ಕೆ ಜಾಗವೇ ಇರುವುದಿಲ್ಲ. ಎಲ್ಲ ಗೊತ್ತಿದ್ದರೆ ಔಟರ್ ವೈಲ್ಡ್ಸ್ ಅನ್ನು ಒಂದೇ ಸುತ್ತಿನಲ್ಲಿ ಮುಗಿಸಬಹುದು. ಹಾಗಾಗಿ ಎರಡನೇ ಸಲ ಮೊದಲಿನಂತೆ ಆಡಲು ಆಗುವುದಿಲ್ಲ. ಈಗ ಗೆಳೆಯರು ಆಡುವಾಗ ಪಕ್ಕದಲ್ಲಿ ಕೂತು ನೋಡುತ್ತೇನೆ, ಬಾಯಿ ಬಿಡುವುದಿಲ್ಲ.

ಇನ್ನು ಉಳಿಯುವ ಮಾತು. ದಿ ಕ್ರೂ ಅನ್ನುವ ಯೂಬಿಸಾಫ್ಟ್‌ನ ರೇಸಿಂಗ್ ಗೇಮ್ 2014ರಲ್ಲಿ ಬಂತು. ಇಡೀ ಅಮೆರಿಕವನ್ನೇ ಚಿಕ್ಕದು ಮಾಡಿ ಕಾರು ಓಡಿಸಲು ಕೊಟ್ಟಿದ್ದರು. ಒಬ್ಬರೇ ಆಡುವ ಕಥೆಯೂ ಇತ್ತು, ಆದರೆ ಅದಕ್ಕೂ ಸರ್ವರ್ ಬೇಕಿತ್ತು. 2024ರ ಮಾರ್ಚ್ 31ಕ್ಕೆ ಸರ್ವರ್ ನಿಲ್ಲಿಸಿದರು. ಅಲ್ಲಿಗೆ ಡಿಸ್ಕ್ ಇಟ್ಟುಕೊಂಡವರೂ ಆಡಲಾಗದ ಹಾಗೆ ಆಯಿತು. ಅದಾದ ಮೇಲೆ ಯೂಟ್ಯೂಬರ್ ರಾಸ್ ಸ್ಕಾಟ್ ಶುರು ಮಾಡಿದ ಸ್ಟಾಪ್ ಕಿಲ್ಲಿಂಗ್ ಗೇಮ್ಸ್ ಚಳವಳಿಗೆ ಯುರೋಪಿಯನ್ ಒಕ್ಕೂಟದ ನಾಗರಿಕರ ಮನವಿಯಲ್ಲಿ 2025ರ ಜುಲೈ ಹೊತ್ತಿಗೆ 10 ಲಕ್ಷ ಸಹಿ ದಾಟಿತು. ಸರ್ವರ್ ಅನಂತಕಾಲ ನಡೆಸಿ ಅಂತ ಅವರು ಕೇಳುತ್ತಿಲ್ಲ. ನಿಲ್ಲಿಸುವಾಗ ಕೊಂಡವರು ತಮ್ಮ ಪಾಡಿಗೆ ಆಡಿಕೊಳ್ಳುವ ಸ್ಥಿತಿಯಲ್ಲಿ ಬಿಟ್ಟುಹೋಗಿ ಅನ್ನುವುದಷ್ಟೇ ಬೇಡಿಕೆ. ಇದರಲ್ಲಿ ಅತಿಯಾಸೆ ಎಲ್ಲಿದೆ? ಗದ್ದಲದ ನಂತರ ದಿ ಕ್ರೂ 2ಕ್ಕೆ ಆಫ್‌ಲೈನ್ ದಾರಿ ಮಾಡಿಕೊಡಲು ಕಂಪನಿಯೇ ಒಪ್ಪಿತು.

ಇದು ಆಗದ ಕೆಲಸ ಅನ್ನುವವರಿಗೆ ನಾಕೌಟ್ ಸಿಟಿ ತೋರಿಸುತ್ತೇನೆ. ಚೆಂಡು ಎಸೆದಾಡುವ ಆನ್‌ಲೈನ್ ಗೇಮ್ ಅದು, ವೆಲಾನ್ ಸ್ಟುಡಿಯೋಸ್ ಮಾಡಿದ್ದು. 2023ರ ಜೂನ್‌ನಲ್ಲಿ ಅದನ್ನು ಮುಚ್ಚುವಾಗ, ಆಟಗಾರರೇ ತಮ್ಮ ಸರ್ವರ್ ನಡೆಸಿಕೊಳ್ಳುವಂಥ ಪಿಸಿ ಆವೃತ್ತಿಯನ್ನು ಬಿಟ್ಟುಕೊಟ್ಟರು. ಚಿಕ್ಕ ಸ್ಟುಡಿಯೋಗೆ ಸಾಧ್ಯವಾಗಿದ್ದು ದೊಡ್ಡವರಿಗೆ ಯಾಕಾಗದು? ಎಲ್ಲ ಹಳೆಯ ಗೇಮುಗಳಿಗೂ ಇದು ಸುಲಭ ಅಂತ ನಾನು ಹೇಳಲಾರೆ. ಬೇರೆ ಕಂಪನಿಗಳ ಸಾಫ್ಟ್‌ವೇರ್, ಹಾಡುಗಳ ಹಕ್ಕು, ಕಾರುಗಳ ಲೈಸೆನ್ಸು ಎಲ್ಲ ಒಂದಕ್ಕೊಂದು ಸಿಕ್ಕಿಹಾಕಿಕೊಂಡಿರುತ್ತವೆ. ಆದರೆ ಇವತ್ತು ಕಾಗದದ ಮೇಲೆ ಹುಟ್ಟುತ್ತಿರುವ ಗೇಮಿಗೆ ಮೊದಲ ದಿನವೇ ಇದನ್ನು ಯೋಚಿಸಬಹುದು. ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಲೆಕ್ಕ ಹಾಕಿದಾಗ, 2010ಕ್ಕಿಂತ ಮುಂಚೆ ಅಮೆರಿಕದಲ್ಲಿ ಬಂದ ಗೇಮುಗಳಲ್ಲಿ ಶೇ. 87ರಷ್ಟು ಮಾರುಕಟ್ಟೆಯಲ್ಲಿ ಸಿಗುತ್ತಲೇ ಇಲ್ಲ ಅಂತ ಗೊತ್ತಾಯಿತು. ಅವುಗಳಲ್ಲಿ ಬಹುಪಾಲು ಸರ್ವರ್ ಬೇಡದ ಕಾಲದವು, ಹಳೆಯ ಡಿಸ್ಕೋ ಕಾರ್ಟ್ರಿಡ್ಜೋ ಯಾರ ಮನೆಯಲ್ಲಾದರೂ ಇದ್ದೀತು. ಈಗಿನವಕ್ಕೆ ಆ ಭರವಸೆಯೂ ಇಲ್ಲ. ಸೋನಿ ಕಂಪನಿಯ ಆನ್‌ಲೈನ್ ಗೇಮ್ ಕಾನ್‌ಕಾರ್ಡ್ 2024ರ ಆಗಸ್ಟ್ 23ಕ್ಕೆ ಬಂದು ಸೆಪ್ಟೆಂಬರ್ 6ಕ್ಕೆ ಹೋಯಿತು. ಕೊಂಡವರಿಗೆ ದುಡ್ಡು ವಾಪಸು ಕೊಟ್ಟರು, ಅದು ನ್ಯಾಯ. ಆದರೆ ವರ್ಷಗಟ್ಟಲೆ ಕೂತು ಅದನ್ನು ಮಾಡಿದ ಚಿತ್ರಕಾರರ, ಪ್ರೋಗ್ರಾಮರ್‌ಗಳ ಕೆಲಸವನ್ನು ತೆರೆದು ತೋರಿಸಲು ಇವತ್ತು ಏನೂ ಇಲ್ಲ. ಗೇಮ್ ಚೆನ್ನಾಗಿತ್ತೋ ಇಲ್ಲವೋ ಬೇರೆ ಮಾತು, ನೋಡಿ ಹೇಳುವುದಕ್ಕಾದರೂ ಇರಬೇಕಿತ್ತು.

ಕಾನೂನು ನಿಧಾನಕ್ಕೆ ಬರುತ್ತಿದೆ. ಡಿಜಿಟಲ್ ಗೇಮ್ ಮಾರುವಾಗ "ನೀವು ಕೊಳ್ಳುತ್ತಿರುವುದು ಬರೀ ಲೈಸೆನ್ಸ್" ಅಂತ ಸ್ಪಷ್ಟವಾಗಿ ತಿಳಿಸಬೇಕು ಅನ್ನುವ ಕ್ಯಾಲಿಫೋರ್ನಿಯಾದ ಕಾನೂನು 2025ರ ಜನವರಿಯಿಂದ ಜಾರಿಯಲ್ಲಿದೆ. ಅಂಗಡಿಯ ಪುಟದಲ್ಲೇ ಇನ್ನೊಂದು ಸಾಲು ಇರಬೇಕು ಅನ್ನುವುದು ನನ್ನ ಆಸೆ: ಈ ಗೇಮಿನ ಸರ್ವರ್ ಕನಿಷ್ಠ ಯಾವ ತಾರೀಖಿನವರೆಗೆ ಇರುತ್ತದೆ, ನಿಂತ ಮೇಲೆ ಏನೇನು ಆಡಲು ಸಿಗುತ್ತದೆ. ಆಮೇಲೆ ಕೊಳ್ಳುವುದು ಬಿಡುವುದು ನಮ್ಮ ತೀರ್ಮಾನ. ಅಲ್ಲಿಯವರೆಗೆ ನನ್ನ ಪದ್ಧತಿ ಇಷ್ಟು: ಗೇಮ್ ಇನ್‌ಸ್ಟಾಲ್ ಆಗಿ ಒಮ್ಮೆ ತೆರೆದ ಮೇಲೆ ಇಂಟರ್ನೆಟ್ ತೆಗೆದು ಮತ್ತೆ ಶುರು ಮಾಡಿ ನೋಡುತ್ತೇನೆ. ಒಬ್ಬನೇ ಆಡುವ ಗೇಮ್ ಆಗಿದ್ದೂ ನೆಟ್ ಇಲ್ಲದೆ ತೆರೆಯದಿದ್ದರೆ ವಾಪಸು. ಗೇಮ್ ಮಾರುವ ತಾಣ ಸ್ಟೀಮ್‌ನಲ್ಲಾದರೆ ಕೊಂಡು 14 ದಿನದೊಳಗೆ, ಆಡಿದ್ದು 2 ಗಂಟೆಗಿಂತ ಕಡಿಮೆ ಇದ್ದರೆ ರೀಫಂಡ್ ಸಿಗುತ್ತದೆ. ಅರ್ಜಿಯಲ್ಲಿ ಕಾರಣ ಬರೆಯಲು ಜಾಗ ಇದೆ, ಅದನ್ನು ಖಾಲಿ ಬಿಡಬೇಡಿ.