ಒಂದು ಮಳೆಗೆ ಒಂದು ಪುಸ್ತಕ: ಮಘೆಯವರೆಗಿನ ಲೆಕ್ಕ

ಜೂನ್ ಮೊದಲ ವಾರ ಗೋಡೆ ಕ್ಯಾಲೆಂಡರ್ ನೋಡುತ್ತಾ ಕಟ್ಟಿಕೊಂಡ ಪಣ ಇದು. ಮೃಗಶಿರದಿಂದ ಚಿತ್ತೆಯವರೆಗೆ ಹತ್ತು ಮಳೆ. ಒಂದೊಂದಕ್ಕೆ ಹೆಚ್ಚುಕಡಿಮೆ 14 ದಿನ. ಒಂದು ಮಳೆಗೆ ಒಂದು ಕನ್ನಡ ಪುಸ್ತಕ. ಬೆಂಗಳೂರಿನ ಮೂರನೇ ಮಹಡಿಯಲ್ಲಿ ಕೂತವಳಿಗೆ ನಕ್ಷತ್ರದ ಮಳೆ ಯಾಕೆ ಬೇಕು ಅಂತ ತಂಗಿ ನಕ್ಕಳು. ತಿಂಗಳ ಲೆಕ್ಕದಲ್ಲಿ ಕಟ್ಟಿದ ಪಣ ಒಂದೂ ಉಳಿದಿಲ್ಲವಲ್ಲ, ಅದಕ್ಕೆ.

ಮೃಗಶಿರ

ತೇಜಸ್ವಿಯವರ ‘ಕರ್ವಾಲೊ’. ಮೊದಲೇ ಓದಿದ ಪುಸ್ತಕ, ಹಾಗಾಗಿ ಸ್ವಲ್ಪ ಮೋಸ ಅಂತಲೇ ಹೇಳಬೇಕು. ಕಾಲೇಜಿನಲ್ಲಿದ್ದಾಗ ಹಾರುವ ಓತಿ ಸಿಗುತ್ತಾ ಇಲ್ವಾ ಅನ್ನೋ ಒಂದೇ ಕುತೂಹಲಕ್ಕೆ ಪುಟ ಹಾರಿಸಿ ಓದಿದ್ದೆ. ಈ ಸಲ ಕಣ್ಣು ನಿಂತಿದ್ದು ಮಂದಣ್ಣನ ಮೇಲೆ. ಊರವರ ಲೆಕ್ಕದಲ್ಲಿ ಅವನು ಪೆದ್ದ. ಕರ್ವಾಲೊ ಮಾತ್ರ ಅವನ ಮಾತು ಕಿವಿಗೊಟ್ಟು ಕೇಳುತ್ತಾರೆ. ಇಡೀ ಕತೆ ಶುರುವಾಗೋದು ಜೇನುತುಪ್ಪ ಕೊಳ್ಳಲು ಹೋದಲ್ಲಿಂದ ಅನ್ನೋದನ್ನೂ ಮರೆತಿದ್ದೆ. ಎರಡು ದಿನಕ್ಕೆ ಮುಗಿಯಿತು. ಉಳಿದ 12 ದಿನ ಬೀಗುತ್ತಾ ಓಡಾಡಿದೆ.

ಆರಿದ್ರಾ

ವಿವೇಕ ಶಾನಭಾಗರ ‘ಘಾಚರ್ ಘೋಚರ್’. ಒಂದೇ ಭಾನುವಾರ, ಕೂತಲ್ಲೇ ಮುಗಿಸಿದೆ. ದುಡ್ಡು ಬಂದ ಮೇಲೆ ಆ ಮನೆಯವರು ಬದಲಾಗುವ ರೀತಿಯನ್ನು ಎಲ್ಲೂ ಕೂಗಿ ಹೇಳುವುದಿಲ್ಲ. ಅದೇ ಹೆದರಿಸುತ್ತದೆ. ಮಳೆ ಹಿಡಿದ ವಾರ ನಮ್ಮ ಅಡುಗೆಮನೆಯಲ್ಲೂ ಇರುವೆ ಸಾಲು ಎದ್ದಿತ್ತು. ಚಾಕ್ ಗೀಚಲು ಹೋದವಳು ಆ ಮನೆಯವರು ಇರುವೆ ಕೊಲ್ಲುವ ಪುಟಗಳು ನೆನಪಾಗಿ ಸುಮ್ನೆ ವಾಪಸ್ ಬಂದೆ. ಮಾರನೇ ದಿನ ಸಕ್ಕರೆ ಡಬ್ಬಿಗೇ ನುಗ್ಗಿದಾಗ ಗೀಚಿದೆ, ಅದು ಬೇರೆ ವಿಷಯ.

ಪುನರ್ವಸು, ಪುಷ್ಯ, ಆಶ್ಲೇಷ

ಇಲ್ಲಿ ಲೆಕ್ಕ ತಪ್ಪಿತು. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಮೂರು ಮಳೆ ತಿಂದಿತು.

ಹಿಂದೆ ಎರಡು ಸಲ ಶುರು ಮಾಡಿ ಬಿಟ್ಟಿದ್ದೆ. ಏಳುನೂರಕ್ಕೂ ಜಾಸ್ತಿ ಪುಟ ಇದೆ ಅಂತಲ್ಲ. ಯಾರು ಯಾವ ಮನೆಯವರು ಅನ್ನೋದೇ ತಲೆಗೆ ಹತ್ತುತ್ತಿರಲಿಲ್ಲ. ಇದೇ ಕಾದಂಬರಿಯ ಅಹೋರಾತ್ರಿ ನಾಟಕವನ್ನು ಮಲ್ಲತ್ತಹಳ್ಳಿಯ ಕಲಾಗ್ರಾಮದಲ್ಲಿ ನೋಡಲು ಹೋಗಿ, ಮೂರು ಗಂಟೆ ಹೊತ್ತಿಗೆ ಶಾಲು ಹೊದ್ದು ತೂಕಡಿಸಿದವಳು ನಾನು.

ಈ ಸಲ ಹಳೇ ಕ್ಯಾಲೆಂಡರ್ ಹಾಳೆಯ ಹಿಂದೆ ನಕ್ಷೆ ಬರೆದೆ. ಸಿಂಬಾವಿ, ಬೆಟ್ಟಳ್ಳಿ, ಕೋಣೂರು, ಹಳೆಮನೆ, ಹೂವಳ್ಳಿ, ನಡುವೆ ಹುಲಿಕಲ್ಲು ನೆತ್ತಿ. ಹೊಸಬರು ಬಂದಾಗೆಲ್ಲ ಅವರವರ ಮನೆ ಪಕ್ಕ ಹೆಸರು. ಗುತ್ತಿ ತಿಮ್ಮಿ, ಐತ ಪೀಂಚಲು, ಮುಕುಂದಯ್ಯ ಚಿನ್ನಮ್ಮ ಜೋಡಿಗಳಿಗೆ ಬೇರೆ ಬೇರೆ ಬಣ್ಣದ ಪೆನ್ನು. ಮಕ್ಕಳಾಟದ ಹಾಗೆ ಕಂಡರೂ ಕೆಲಸ ಮಾಡಿತು.

ದಿನಕ್ಕೆ 20 ಪುಟ ಅಂತ ಮೊಬೈಲಿನಲ್ಲಿ ಪಟ್ಟಿ ಹಾಕಿದ್ದೆ. ನಾಲ್ಕನೇ ದಿನ ಅಳಿಸಿದೆ. ಈ ಪುಸ್ತಕದಲ್ಲಿ ಎಲ್ಲರೂ ನಡೆಯುತ್ತಾರೆ. ಒಂದು ಸುದ್ದಿ ಮುಟ್ಟಿಸಬೇಕಾದರೂ ಗುತ್ತಿ ತನ್ನ ನಾಯಿ ಹುಲಿಯನ ಜೊತೆ ಕಾಡು, ಗುಡ್ಡ, ಗದ್ದೆ ದಾಟಬೇಕು. ದಾರಿಯಲ್ಲಿ ಕಂಡದ್ದೆಲ್ಲ ಕತೆಗೆ ಬರುತ್ತದೆ, ಇಂಬಳ (ಕಾಡಿನ ಜಿಗಣೆ) ಕೂಡ. ಓದೋದೂ ಅದೇ ನಡಿಗೆಯಲ್ಲಿ. ಓಡಿದರೆ ಯಾರೋ ಹಿಂದೆ ಉಳಿಯುತ್ತಾರೆ, ಮತ್ತೆ ಪುಟ ತಿರುಗಿಸಬೇಕು. ‘ಇಲ್ಲಿ ಯಾರೂ ಮುಖ್ಯರಲ್ಲ; ಯಾರೂ ಅಮುಖ್ಯರಲ್ಲ’ ಅಂತ ಮೊದಲಿಗೇ ಬರೆದಿದ್ದಾರೆ. ಅದನ್ನು ದೊಡ್ಡ ಮಾತು ಅಂದುಕೊಂಡು ದಾಟಿಬಿಡುತ್ತಿದ್ದೆ. ಈಗ ಅನ್ನಿಸುತ್ತದೆ, ಅದು ಹೇಗೆ ಓದಬೇಕು ಅನ್ನೋ ಸೂಚನೆಯೂ ಹೌದು. ಇವರಲ್ಲಿ ನಾಯಕ ಯಾರು ಅಂತ ಹುಡುಕಿಯೇ ನಾನು ಎರಡು ಸಲ ಸೋತಿದ್ದು.

ಕೊನೆ ಗೊತ್ತಿಲ್ಲದವರು ಈ ಪ್ಯಾರಾ ಬಿಟ್ಟುಬಿಡಿ. ತುಂಬಿದ ತುಂಗೆ ಹುಲಿಯನನ್ನು ಎಳೆದುಕೊಂಡು ಹೋದಾಗ ಪುಸ್ತಕ ಮುಚ್ಚಿ ಬಾಲ್ಕನಿಗೆ ಹೋಗಿ ನಿಂತೆ. ಇಷ್ಟು ಜನರ ಸಂಕಟ ಓದಿ ಅಳದವಳು ನಾಯಿಗೆ ಅತ್ತೆ.

ಮಘೆ

ಬಾನು ಮುಷ್ತಾಕ್ ಅವರ ಕತೆಗಳು. 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂದ ಮೇಲೆ ಪುಸ್ತಕ ಕೊಂಡವರಲ್ಲಿ ನಾನೂ ಒಬ್ಬಳು, ಮುಚ್ಚಿಡುವುದೇನು. ‘ಕರಿ ನಾಗರಗಳು’ ಕತೆಯಿಂದ ಗಿರೀಶ್ ಕಾಸರವಳ್ಳಿ ಮಾಡಿದ ‘ಹಸೀನಾ’ ಸಿನಿಮಾ ನೋಡಿದ್ದರಿಂದ ಕತೆ ಗೊತ್ತು ಅನ್ನೋ ಜಂಬ ಇತ್ತು. ಹೆಣ್ಣುಮಕ್ಕಳನ್ನೇ ಹೆತ್ತಳು ಅಂತ ಗಂಡ ಬಿಟ್ಟುಹೋದವಳು ಮಸೀದಿಯ ಮುಂದೆ ನ್ಯಾಯ ಕೇಳುತ್ತಾಳೆ. ಕಾಗದದ ಮೇಲೆ ಅದು ಇನ್ನೂ ಚುಚ್ಚುತ್ತದೆ. ದಿನಕ್ಕೆ ಒಂದು ಕತೆಗಿಂತ ಜಾಸ್ತಿ ಓದಲು ಆಗಲಿಲ್ಲ. ಇನ್ನೂ ಅರ್ಧ ಬಾಕಿ.

ಮಘೆ ಮಳೆ ಬಂದಷ್ಟು ಒಳ್ಳೆಯದು, ಮನೆ ಮಗ ಉಂಡಷ್ಟು ಒಳ್ಳೆಯದು ಅಂತಾರೆ. ನನ್ನ ಲೆಕ್ಕ ಆರು ಮಳೆಗೆ ಮೂರೂವರೆ ಪುಸ್ತಕ. ಹತ್ತು ಅಂತೂ ಆಗಲ್ಲ.

ಮುಂದಿನ ಮಳೆ ಹುಬ್ಬೆಗೆ ಯಾವುದು ಅಂತ ಇನ್ನೂ ಗೊತ್ತಿಲ್ಲ. ಅದಕ್ಕೂ ಮುಂಚೆ ಒಂದು ರಿಪೇರಿ ಇದೆ. ನಕ್ಷೆಯ ಫೋಟೊ ಅಮ್ಮನಿಗೆ ಕಳಿಸಿದ್ದೆ. ಅಮ್ಮ ತೀರ್ಥಹಳ್ಳಿ ಕಡೆಯವಳು. ಐದೇ ನಿಮಿಷಕ್ಕೆ ಫೋನು. “ಎಲ್ಲಾ ಸರಿ ಕಣೇ, ಮೇಗರವಳ್ಳೀನ ಕೊಪ್ಪದ ಕಡೆ ಯಾಕೆ ಹಾಕಿದೀಯ? ಅದು ಆಗುಂಬೆ ದಾರೀಲಿ ಅಲ್ವಾ ಬರೋದು!”