ಸ್ಪೋರ್ಟ್ಸ್ ಬೈಕಿನಲ್ಲಿ ಕುದುರೆಮುಖ, ಕಾರವಾರ: ಟ್ಯಾಂಕ್ ಎಷ್ಟು ತಡೆಯುತ್ತೆ, ಮೈ ಎಷ್ಟು ತಡೆಯುತ್ತೆ

ಸ್ಪೋರ್ಟ್ಸ್ ಬೈಕಿನಲ್ಲಿ ದೂರ ಹೋಗುತ್ತೇನೆ ಅಂದರೆ ಎಲ್ಲರೂ ಮೊದಲು ಕೇಳುವುದು ಮೈಲೇಜ್. ಟ್ಯಾಂಕ್ ಫುಲ್ ಮಾಡಿಸಿದರೆ ಎಲ್ಲಿವರೆಗೂ ಹೋಗಬಹುದು? ಬೆಂಗಳೂರಿನಿಂದ ಹಾಸನ, ಮೂಡಿಗೆರೆ, ಕುದುರೆಮುಖ ದಾಟಿ ಉಡುಪಿಗೆ ಇಳಿದು, ಕರಾವಳಿ ಹಿಡಿದು ಕಾರವಾರ ತಲುಪಿ, ಅಣಶಿ ಘಾಟಿ ಹತ್ತಿ ದಾಂಡೇಲಿ, ಹುಬ್ಬಳ್ಳಿ ಮೇಲೆ ವಾಪಸ್ ಬಂದವನಾಗಿ ನಾನು ಹೇಳುವುದಿಷ್ಟು. ಈ ಸುತ್ತಿನಲ್ಲಿ ಪೆಟ್ರೋಲ್ ಮುಗಿಯುವ ಮೊದಲು ಮಣಿಕಟ್ಟು ಸೋಲುತ್ತದೆ. ಪೆಟ್ರೋಲ್ ಬಗ್ಗೆ ನಿಜವಾಗಿ ತಲೆ ಕೆಡಿಸಿಕೊಳ್ಳಬೇಕಾದದ್ದು ಎರಡೇ ಕಡೆ, ಎರಡೂ ಕಾಡಿನ ದಾರಿ.

ಮೊದಲು ಟ್ಯಾಂಕಿನ ಲೆಕ್ಕ ಮುಗಿಸೋಣ. ನನ್ನದು ಟಿವಿಎಸ್‌ನ ಅಪಾಚೆ ಆರ್‌ಆರ್ 310, ಟ್ಯಾಂಕ್ 11 ಲೀಟರ್. ಹೈವೇಯಲ್ಲಿ 90ರ ಆಸುಪಾಸಿನಲ್ಲಿ ಹೋದರೆ ಲೀಟರಿಗೆ 30 ಕಿ.ಮೀ. ಸಿಗುತ್ತದೆ. ಘಾಟಿಯಲ್ಲಿ ಎರಡನೇ, ಮೂರನೇ ಗೇರಿನಲ್ಲೇ ಏರುವಾಗ 26ಕ್ಕೆ ಇಳಿಯುತ್ತದೆ. ಕಾಗದದ ಮೇಲೆ 330 ಕಿ.ಮೀ. ಆಗುತ್ತದೆ ನಿಜ. ಆದರೆ ಕೊನೆಯ 2 ಲೀಟರ್ ಟ್ಯಾಂಕಿನಲ್ಲಿ ಇಲ್ಲವೇ ಇಲ್ಲ ಅಂದುಕೊಂಡು ಲೆಕ್ಕ ಹಾಕಿ. ಆಗ ಹೈವೇಯಲ್ಲಿ 270, ಘಾಟಿಯಲ್ಲಿ 230 ಚಿಲ್ಲರೆ. ಇದೇ ಲೆಕ್ಕದಲ್ಲಿ, 9.5 ಲೀಟರ್ ಟ್ಯಾಂಕಿನ ಹಳೆಯ ಕೆಟಿಎಂ ಆರ್‌ಸಿ 390ಗೆ ಲೀಟರಿಗೆ 25 ಅಂತ ಹಿಡಿದರೆ 190 ಕಿ.ಮೀ. ಕೂಡ ಬರುವುದಿಲ್ಲ. 2022ರ ಹೊಸ ಮಾಡೆಲ್‌ನಲ್ಲಿ ಟ್ಯಾಂಕ್ 13.7 ಲೀಟರ್ ಆಗಿದೆ, ಆ ಚಿಂತೆ ಕಡಿಮೆ. ಕವಾಸಕಿ ನಿಂಜಾ 300 ಇರುವವರಿಗೆ 17 ಲೀಟರ್, ಅವರು ಈ ಪ್ಯಾರಾ ಓದದೇ ಮುಂದೆ ಹೋಗಬಹುದು. ಯಮಹಾ ಆರ್15 ಓಡಿಸುವವರದ್ದು ಬೇರೆ ಕಥೆ. ಟ್ಯಾಂಕ್ 11 ಲೀಟರೇ, ಆದರೆ ಮೈಲೇಜ್ 40ರ ಮೇಲೆ. ಬೈಕ್ ಹೋಗುತ್ತಲೇ ಇರುತ್ತದೆ, ಸವಾರ ಮಾತ್ರ ಅಷ್ಟು ಹೊತ್ತು ಕೂರಲಾರ.

ಕೊನೆಯ 2 ಲೀಟರ್ ಯಾಕೆ ಬಿಡಬೇಕು? ಹಳೆಯ ಕಾರ್ಬುರೇಟರ್ ಬೈಕುಗಳಲ್ಲಿ ರಿಸರ್ವ್ ನಾಬ್ ಇರುತ್ತಿತ್ತು, ಪೆಟ್ರೋಲ್ ಮುಗಿಯುತ್ತಾ ಬಂದರೆ ಅದನ್ನು ತಿರುಗಿಸಿ ಉಳಿದದ್ದರಲ್ಲಿ ಬಂಕ್ ತಲುಪಬಹುದಿತ್ತು. ಫ್ಯೂಯಲ್ ಇಂಜೆಕ್ಷನ್ ಬೈಕಿನಲ್ಲಿ ದೀಪ ಹತ್ತುವುದೊಂದೇ ಎಚ್ಚರಿಕೆ. ಜೊತೆಗೆ ಪಂಪ್ ಟ್ಯಾಂಕಿನ ಒಳಗೇ ಇರುತ್ತದೆ, ಅದನ್ನು ತಣ್ಣಗಿಡುವುದು ಸುತ್ತಲಿನ ಪೆಟ್ರೋಲೇ. ಪೂರ್ತಿ ಖಾಲಿ ಮಾಡಿ ಓಡಿಸುವ ಅಭ್ಯಾಸ ಪಂಪಿಗೆ ಒಳ್ಳೆಯದಲ್ಲ. ಮೀಟರ್‌ನಲ್ಲಿ ಕಾಣುವ ‘ಇನ್ನೂ ಇಷ್ಟು ಕಿ.ಮೀ. ಹೋಗಬಹುದು’ ಅನ್ನುವ ಅಂಕಿಯನ್ನೂ ನಾನು ನಂಬುವುದಿಲ್ಲ. ಸಮತಟ್ಟು ರಸ್ತೆಯಲ್ಲಿ ಓಡಿಸಿದ ಲೆಕ್ಕ ಹಿಡಿದು ಅದು ಹೇಳುತ್ತಿರುತ್ತದೆ, ಮುಂದೆ ಘಾಟಿ ಬರುತ್ತದೆ ಅಂತ ಅದಕ್ಕೇನು ಗೊತ್ತು? ಫುಲ್ ಮಾಡಿಸಿದ ಕೂಡಲೇ ಟ್ರಿಪ್ ಮೀಟರ್ ಸೊನ್ನೆ ಮಾಡಿ, ಅದನ್ನೇ ನೋಡಿ. ಇನ್ನೊಂದು ಮಾತು. ಈಗ ಬಂಕ್‌ಗಳಲ್ಲಿ ಸಿಗುವುದು ಶೇ 20 ಎಥೆನಾಲ್ ಬೆರೆಸಿದ ಪೆಟ್ರೋಲ್. ಎಥೆನಾಲ್‌ನಲ್ಲಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಪಾಲು ಕಡಿಮೆ ಶಕ್ತಿ. ಹಾಗಾಗಿ ನಾಲ್ಕೈದು ವರ್ಷದ ಹಿಂದಿನ ಮೈಲೇಜ್ ಅಂಕಿ ಇಟ್ಟುಕೊಂಡು ಈಗ ಪ್ಲಾನ್ ಮಾಡಬೇಡಿ.

ಇನ್ನು ದಾರಿ. ಬೆಂಗಳೂರಿನಿಂದ ಬೆಳಗ್ಗೆ 5ರ ಒಳಗೆ ಹೊರಟುಬಿಡಿ. ನೆಲಮಂಗಲದ ಟ್ರಾಫಿಕ್ ತಪ್ಪಿಸಲಿಕ್ಕೆ ಅಂತ ಎಲ್ಲರೂ ಹೇಳುತ್ತಾರೆ. ನಮಗೆ ಇನ್ನೊಂದು ಕಾರಣ ಇದೆ. ಕ್ಲಿಪ್-ಆನ್ ಹ್ಯಾಂಡಲ್ (ಮುಂದಕ್ಕೆ ಬಾಗಿ ಹಿಡಿಯಬೇಕಾದ, ತಗ್ಗಿನ ಎರಡು ತುಂಡು ಹ್ಯಾಂಡಲ್) ಇರುವ ಬೈಕಿನಲ್ಲಿ ಮಣಿಕಟ್ಟಿಗೆ ಜಾಸ್ತಿ ನೋವಾಗುವುದು ವೇಗದಲ್ಲಲ್ಲ, ನಿಧಾನದಲ್ಲಿ. 90ರಲ್ಲಿ ಹೋಗುವಾಗ ಎದುರು ಗಾಳಿ ಎದೆಯನ್ನು ಸ್ವಲ್ಪ ಎತ್ತಿ ಹಿಡಿಯುತ್ತದೆ. 20ರಲ್ಲಿ ತೆವಳುವಾಗ ಮೈಭಾರ ಎಲ್ಲಾ ಅಂಗೈ ಮೇಲೆ ಬೀಳುತ್ತದೆ, ಕ್ಲಚ್ ಕೆಲಸ ಬೇರೆ. ಊರು ದಾಟುವಷ್ಟರಲ್ಲೇ ಕೈ ಜೋಮು ಹಿಡಿದರೆ ಆ ದಿನವೆಲ್ಲಾ ಸರಿಹೋಗುವುದಿಲ್ಲ.

ಕುಣಿಗಲ್, ಚನ್ನರಾಯಪಟ್ಟಣ ದಾಟಿ ಹಾಸನ ಸುಮಾರು 185 ಕಿ.ಮೀ. ರಸ್ತೆ ಚೆನ್ನಾಗಿದೆ, ಬಂಕ್‌ಗಳಿಗೆ ಬರ ಇಲ್ಲ, ಬೈಕಿಗೆ ಟೋಲ್ ಇಲ್ಲ. ಒಂದೇ ಉಸಿರಿಗೆ ಹೋಗಿಬಿಡೋಣ ಅನ್ನಿಸುತ್ತದೆ. ಬೇಡ. ನೂರು ಕಿ.ಮೀ. ಒಳಗೆ ಒಮ್ಮೆ ಇಳಿಯಿರಿ. ನೋವು ಶುರುವಾದ ಮೇಲೆ ನಿಲ್ಲಿಸುವುದಕ್ಕೂ ಶುರುವಾಗುವ ಮೊದಲು ನಿಲ್ಲಿಸುವುದಕ್ಕೂ ತುಂಬಾ ವ್ಯತ್ಯಾಸ ಇದೆ. ಕಾಫಿ ಕುಡಿದು, ಹೆಲ್ಮೆಟ್ ತೆಗೆದು, ನಾಲ್ಕು ಹೆಜ್ಜೆ ನಡೆದು, ಸೊಂಟ ಹಿಂದಕ್ಕೆ ಬಾಗಿಸಿದರೆ ಸಾಕು. ಹೀಗೆ ಮೈಗಾಗಿ ನಿಂತಾಗಲೇ ಪಕ್ಕದ ಬಂಕಿಗೂ ಹೋಗಿಬಂದರೆ ಪೆಟ್ರೋಲ್ ಚಿಂತೆ ತಾನಾಗಿಯೇ ಕಳೆಯುತ್ತದೆ.

ಬೇಲೂರು, ಮೂಡಿಗೆರೆ ಆದ ಮೇಲೆ ಕೊಟ್ಟಿಗೆಹಾರ. ಇಲ್ಲಿನ ನೀರುದೋಸೆ ಬಿಡಬೇಡಿ. ಹೊಟ್ಟೆಗೂ ಹಗುರ, ಬಗ್ಗಿ ಕೂತು ಓಡಿಸುವವರಿಗೆ ಅದು ಮುಖ್ಯ. ಹೊಟ್ಟೆ ಬಿರಿಯ ಊಟ ಮಾಡಿ ಟ್ಯಾಂಕ್ ಮೇಲೆ ಬಾಗಿ ನೋಡಿ, ಗೊತ್ತಾಗುತ್ತೆ. ಇಲ್ಲಿಂದ ಕಳಸದ ಕಡೆ ತಿರುಗಿ. ಕಳಸದಲ್ಲಿ ಟ್ಯಾಂಕ್ ಫುಲ್ ಮಾಡಿಸಲೇಬೇಕು, ಮುಕ್ಕಾಲು ಇದ್ದರೂ ಸರಿ. ಮುಂದೆ ಕುದುರೆಮುಖ ರಾಷ್ಟ್ರೀಯ ಉದ್ಯಾನ. ಕಬ್ಬಿಣದ ಅದಿರು ಗಣಿಗಾರಿಕೆ 2005ರ ಕೊನೆಗೆ ನಿಂತ ಮೇಲೆ ಕುದುರೆಮುಖ ಪಟ್ಟಣ ಹೆಚ್ಚುಕಡಿಮೆ ಖಾಲಿ. ಅಲ್ಲಿ ಏನೋ ಸಿಗುತ್ತೆ ಅಂದುಕೊಂಡು ಹೋಗಬೇಡಿ. ಎಸ್.ಕೆ. ಬಾರ್ಡರ್ (ಹಳೆಯ ಸೌತ್ ಕೆನರಾ ಜಿಲ್ಲೆಯ ಗಡಿ) ದಾಟಿ, ಮಾಳದ ಕಡೆ ಘಾಟಿ ಇಳಿದು ಬಜಗೋಳಿ ಸೇರುವವರೆಗೆ ಕಾಡೇ ಕಾಡು, ಮೊಬೈಲ್ ಸಿಗ್ನಲ್ಲೂ ಹೋಗಿ ಬಂದು ಮಾಡುತ್ತದೆ. ಮಲೆನಾಡಿನ ಚಿಕ್ಕ ಅಂಗಡಿಗಳಲ್ಲಿ ಬಾಟಲಿ ಪೆಟ್ರೋಲ್ ಸಿಗುವುದುಂಟು, ಆದರೆ ಅದರಲ್ಲಿ ಏನು ಬೆರೆತಿದೆ ಅಂತ ನೋಡಿದವರು ಯಾರು? ಇಂಜೆಕ್ಷನ್ ಬೈಕಿಗೆ ಅದನ್ನು ಹಾಕುವುದು ನನಗೆ ಒಪ್ಪಿಗೆ ಇಲ್ಲ.

ಈ ಘಾಟಿ ಇಳಿಯುವುದು ಇಡೀ ಪ್ರವಾಸದಲ್ಲಿ ಮೈಗೆ ಅತಿ ಕಷ್ಟದ ಭಾಗ. ಇಳಿಜಾರಿನಲ್ಲಿ ಮೈ ಮುಂದಕ್ಕೆ ಜಾರುತ್ತದೆ, ಬ್ರೇಕ್ ಹಿಡಿದಾಗಲೆಲ್ಲಾ ಇನ್ನಷ್ಟು. ಆಗ ಕೈಯಿಂದ ಹ್ಯಾಂಡಲ್ ತಳ್ಳಿ ಕೂರುವುದು ಎಲ್ಲರಿಗೂ ಬರುವ ಅಭ್ಯಾಸ, ಅದೇ ತಪ್ಪು. ಮೊಣಕಾಲುಗಳಿಂದ ಟ್ಯಾಂಕ್ ಗಟ್ಟಿಯಾಗಿ ಹಿಡಿಯಿರಿ. ಭಾರ ತೊಡೆ, ಹೊಟ್ಟೆಯ ಮೇಲೆ ಇರಲಿ. ಮೊಣಕೈ ಸ್ವಲ್ಪ ಬಾಗಿರಲಿ. ಹ್ಯಾಂಡಲ್ ಹಿಡಿದ ಕೈಗಳ ಬೆರಳುಗಳನ್ನು ಸಲೀಸಾಗಿ ಆಡಿಸಲು ಆದರೆ ಸರಿಯಾಗಿ ಕೂತಿದ್ದೀರಿ ಅಂತ ಅರ್ಥ. ಕೆಳಗಿನ ಗೇರಿನಲ್ಲಿ ಇಳಿಸಿದರೆ ಎಂಜಿನ್ನೇ ಅರ್ಧ ಬ್ರೇಕ್ ಕೆಲಸ ಮಾಡುತ್ತದೆ. ಟ್ಯಾಂಕಿನ ಎರಡೂ ಪಕ್ಕ ರಬ್ಬರ್ ಗ್ರಿಪ್ ಪ್ಯಾಡ್ ಅಂಟಿಸಿಕೊಂಡರೆ ಪ್ಯಾಂಟ್ ಜಾರುವುದಿಲ್ಲ. ದುಬಾರಿ ಸೀಟಿಗಿಂತ ಮೊದಲು ಇದನ್ನು ಹಾಕಿಸಿ ಅಂತ ನನ್ನ ಸಲಹೆ.

ಲಗೇಜ್ ಬಗ್ಗೆ ಗಟ್ಟಿಯಾಗಿ ಒಂದು ಮಾತು: ಬೆನ್ನಿಗೆ ಬ್ಯಾಗ್ ಹಾಕಬೇಡಿ. ನೇರ ಕೂರುವ ಬೈಕಿನಲ್ಲಿ ಅದು ನಡೆಯುತ್ತದೆ. ಇಲ್ಲಿ ಬಾಗಿ ಕೂತಾಗ ಆ ಭಾರ ಕತ್ತು, ಭುಜ ದಾಟಿ ಮಣಿಕಟ್ಟಿಗೇ ಇಳಿಯುತ್ತದೆ. ಹಿಂದಿನ ಸೀಟಿನ ಮೇಲೆ ಟೈಲ್ ಬ್ಯಾಗ್ ಕಟ್ಟಿ. ಎರಡೂ ಪಕ್ಕ ಜೋತುಬೀಳುವ ಸ್ಯಾಡಲ್ ಬ್ಯಾಗ್ ಹಾಕುವುದಾದರೆ ಸೈಲೆನ್ಸರ್‌ಗೆ ತಾಗದಂತೆ ನೋಡಿಕೊಳ್ಳಿ. ಟ್ಯಾಂಕ್ ಮೇಲೆ ಪ್ಲಾಸ್ಟಿಕ್ ಕವರ್ ಇದ್ದರೆ ಮ್ಯಾಗ್ನೆಟ್ ಬ್ಯಾಗ್ ನಿಲ್ಲುವುದಿಲ್ಲ, ಕೊಳ್ಳುವ ಮೊದಲು ಮನೆಯ ಫ್ರಿಜ್ ಮೇಲಿನ ಮ್ಯಾಗ್ನೆಟ್ ಇಟ್ಟು ನೋಡಿಬಿಡಿ.

ಕಾರ್ಕಳ, ಉಡುಪಿ ಬಂದ ಮೇಲೆ ಸಮಸ್ಯೆ ಬೇರೆ: ಸೆಕೆ. ಎಂಜಿನ್ ಬಿಸಿ ಗಾಳಿ ನೇರ ತೊಡೆಗೆ ಬಡಿಯುತ್ತದೆ. ಜೀನ್ಸ್ ಸಾಲದು, ದಪ್ಪ ರೈಡಿಂಗ್ ಪ್ಯಾಂಟ್ ಬೇಕು. ಜಾಕೆಟ್ ಮಾತ್ರ ಗಾಳಿಯಾಡುವ ಮೆಶ್ ಇರಲಿ. ಬಾಯಾರಿಕೆ ಆಗದಿದ್ದರೂ ನೀರು ಕುಡಿಯಿರಿ, ಸಿಕ್ಕಲ್ಲಿ ಎಳನೀರು. ಮರವಂತೆಯಲ್ಲಿ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ. ಓಡಿಸುತ್ತಾ ನೋಡಬೇಡಿ, ನಿಲ್ಲಿಸಿ ನೋಡಿ. ಹೆದ್ದಾರಿ 66ರಲ್ಲಿ ಬಂಕ್‌ಗಳು ಬೇಕಾದಷ್ಟು ಇವೆ. ಆದರೆ ಮಳೆಗಾಲದಲ್ಲಿ ಈ ಕಡೆ ಬರಬೇಡಿ. 2024ರ ಜುಲೈ 16ರಂದು ಅಂಕೋಲಾ ಹತ್ತಿರದ ಶಿರೂರಿನಲ್ಲಿ ಗುಡ್ಡ ಕುಸಿದದ್ದು ಇದೇ ಹೆದ್ದಾರಿ ಮೇಲೆ. ಅಕ್ಟೋಬರ್ ಕೊನೆಯಿಂದ ಫೆಬ್ರವರಿವರೆಗೆ ಒಳ್ಳೆಯ ಸಮಯ.

ಪೆಟ್ರೋಲ್ ಎಚ್ಚರ ಬೇಕಾದ ಎರಡನೇ ಕಡೆ ಕಾರವಾರದಿಂದ ಕದ್ರಾ, ಅಣಶಿ, ಜೋಯಿಡಾ ಮೇಲೆ ದಾಂಡೇಲಿ. ನೂರು ಕಿ.ಮೀ. ಚಿಲ್ಲರೆ ಅಷ್ಟೇ, ಆದರೆ ಬಹುಪಾಲು ಕಾಳಿ ಹುಲಿ ಸಂರಕ್ಷಿತ ಪ್ರದೇಶ, ಏರು, ತಿರುವು. ಕಾರವಾರ ಬಿಡುವಾಗ ಟ್ಯಾಂಕ್ ಫುಲ್ ಇರಲಿ, ಬೆಳಕಿರುವಾಗಲೇ ದಾಟಿ. ಇಲ್ಲಿ ಒಂದು ಟ್ಯಾಂಕಿಗೆ ಕಡಿಮೆ ದೂರ ಹೋಗುವ ಗೆಳೆಯನ ಬೈಕ್ ಗುಂಪಿನಲ್ಲಿದ್ದರೆ ಅವನ ಲೆಕ್ಕವೇ ಎಲ್ಲರ ಲೆಕ್ಕ.

ಹುಬ್ಬಳ್ಳಿಯಿಂದ ಬೆಂಗಳೂರು 400 ಕಿ.ಮೀ. ಮೇಲೆ, ನೇರ ರಸ್ತೆ, ಬೇಜಾರು. ಒಂದೇ ಭಂಗಿಯಲ್ಲಿ ಕೂತು ಕೂತು ಕತ್ತು ಹಿಡಿಯುತ್ತದೆ. ಹೆಲ್ಮೆಟ್ ಒಳಗೆ ಇಯರ್‌ಪ್ಲಗ್ ಹಾಕಿ, ಗಾಳಿಯ ಸದ್ದು ಕಡಿಮೆಯಾದರೆ ಸುಸ್ತೂ ಕಡಿಮೆ. ಚಿತ್ರದುರ್ಗದ ಹತ್ತಿರ ಗಾಳಿಯಂತ್ರಗಳು ಕಂಡವೆಂದರೆ ಹುಷಾರು. ಪಕ್ಕದಿಂದ ಬೀಸುವ ಗಾಳಿ ಫುಲ್ ಫೇರಿಂಗ್ (ಎರಡೂ ಪಕ್ಕ ಪೂರ್ತಿ ಹೊದಿಕೆ) ಇರುವ ಬೈಕನ್ನು ತಳ್ಳುತ್ತದೆ, ಲಾರಿ ಓವರ್‌ಟೇಕ್ ಮಾಡಿ ಹೊರಬರುವಾಗ ಇನ್ನೂ ಜೋರು. ಹ್ಯಾಂಡಲ್ ಬಿಗಿ ಹಿಡಿಯದೆ ವೇಗ ತುಸು ಇಳಿಸಿ. ಊಟಕ್ಕೆ, ಪೆಟ್ರೋಲಿಗೆ ಚಿತ್ರದುರ್ಗದಲ್ಲೇ ನಿಂತರೆ ದಾರಿ ಸರಿಸುಮಾರು ಅರ್ಧ ಮುಗಿದಿರುತ್ತದೆ. ಅಲ್ಲಿ ಚೈನಿಗೆ ಒಮ್ಮೆ ಲ್ಯೂಬ್ ಹೊಡೆದು, ಅರ್ಧ ಗಂಟೆ ಬೆನ್ನು ಚಾಚಿ ಹೊರಡಿ. ಸಂಜೆ ತುಮಕೂರಿನಿಂದ ಈಚೆಗೆ ಮತ್ತೆ ಟ್ರಾಫಿಕ್, ಅದಕ್ಕೆ ಕೈಯಲ್ಲಿ ಶಕ್ತಿ ಉಳಿದಿರಬೇಕು.