ಮಂಗಳವಾರದ ಟ್ರೈನು ಲೇಟ್ ಆಗ್ತಿರ್ಲಿಲ್ಲ

ಹೋದ ಭಾನುವಾರ ಅಪ್ಪನ ಜೊತೆ ವಿಡಿಯೋ ಕಾಲ್. ಎಂದಿನ ಹಾಗೆ ಮೊದಲು ಮಂಡಿನೋವು, ಆಮೇಲೆ ಕಸದ ಗಾಡಿ ಬಂದಿಲ್ಲ, ಎದುರುಮನೆಯವನು ಗೇಟಿಗೆ ಅಡ್ಡ ಕಾರು ನಿಲ್ಲಿಸ್ತಾನೆ, ಕೊನೆಗೆ ದೇಶದ ವಿಚಾರ. "ಈ ಜನಕ್ಕೆ ಹಿಟ್ಲರ್ ಥರದವನು ಒಬ್ಬ ಬರ್ಬೇಕು ಕಣೋ, ಆಗ ನೋಡು ಎಲ್ಲಾ ಟೈಮ್ ಟೈಮಿಗೆ ನಡೆಯುತ್ತೆ" ಅಂದ್ರು. ನಮ್ಮಲ್ಲಿ ಈ ಮಾತು ಯಾರು ಆಡಲ್ಲ ಹೇಳಿ, ಬಸ್ ಸ್ಟಾಂಡಲ್ಲಿ, ಮದುವೆ ಊಟದ ಪಂಕ್ತಿಲಿ, ಕಟಿಂಗ್ ಶಾಪಲ್ಲಿ, ಕೇಳಿ ಕೇಳಿ ನನ್ನ ಕಿವಿಗಂತೂ ಬೀಳೋದೇ ಇಲ್ಲ. ಪಕ್ಕದಲ್ಲಿ ಬ್ರೆಡ್ಡಿಗೆ ಚಾಕೊಲೇಟ್ ಚೂರು ಉದುರಿಸ್ಕೊಂಡು ಕೂತಿದ್ದ ಮಗಳು ತಲೆ ಎತ್ತಿ, "ತಾತ, ಅಲ್ಲಿ ಟ್ರೈನ್ ಟೈಮಿಗೇ ಬರ್ತಿತ್ತು. ಪ್ರತಿ ಮಂಗಳವಾರ" ಅಂದ್ಳು.

ಅಪ್ಪ ಸರ್ವಿಸೆಲ್ಲಾ ರೈಲ್ವೇಲಿ ಕಳೆದೋರು, ಅರಸೀಕೆರೆಲಿ ಸ್ಟೇಷನ್ ಮಾಸ್ಟರ್ ಆಗಿ ರಿಟೈರ್ ಆದೋರು. ಟ್ರೈನ್ ಅಂದ ತಕ್ಷಣ ಕನ್ನಡಕ ಸರಿ ಮಾಡ್ಕೊಂಡ್ರು. "ಯಾವ ಟ್ರೈನ್ ಪುಟ್ಟಿ?"

ಮಗಳ ಕ್ಲಾಸನ್ನ ಆ ವಾರವಷ್ಟೇ ವೆಸ್ಟರ್‌ಬೋರ್ಕ್‌ಗೆ ಕರ್ಕೊಂಡು ಹೋಗಿದ್ರು. ನೆದರ್ಲೆಂಡ್ಸ್‌ನಲ್ಲಿ ನಾವಿರೋ ಗ್ರೋನಿಂಗೆನ್ನಿಂದ ದೂರ ಏನಿಲ್ಲ. ಜರ್ಮನಿ ಬಿಟ್ಟು ಓಡಿಬಂದ ಯಹೂದಿಗಳಿಗೆ ಅಂತ 1939ರಲ್ಲಿ ಡಚ್ ಸರ್ಕಾರವೇ ಕಟ್ಟಿಸಿದ ಕ್ಯಾಂಪು ಅದು. 1942ರ ಜುಲೈಲಿ ಜರ್ಮನ್ನರು ಕೈಗೆ ತಗೊಂಡು ಟ್ರಾನ್ಸಿಟ್ ಕ್ಯಾಂಪ್ ಮಾಡಿದ್ರು, ಅಂದ್ರೆ ಹಿಡಿದೋರನ್ನ ಮುಂದಕ್ಕೆ ಸಾಗಿಸೋ ತನಕ ಕೂಡಿಹಾಕೋ ಜಾಗ. ಅಲ್ಲಿಂದ 1944ರ ಸೆಪ್ಟೆಂಬರ್ ತನಕ ಒಂದು ಲಕ್ಷಕ್ಕೂ ಹೆಚ್ಚು ಜನರನ್ನ ಟ್ರೈನ್ ಹತ್ತಿಸಿ ಕಳಿಸಿದ್ರು, ಹೆಚ್ಚಿನವರು ಹೋಗಿದ್ದು ಆಶ್‌ವಿಟ್ಜ್, ಸೋಬಿಬೋರ್ ಅನ್ನೋ ಸಾವಿನ ಕ್ಯಾಂಪುಗಳಿಗೆ. ಸೋಬಿಬೋರ್‌ಗೆ ಹೋದ 34 ಸಾವಿರ ಚಿಲ್ಲರೆ ಜನರಲ್ಲಿ ಉಳಿದೋರು 18 ಮಂದಿ.

ಮಗಳು ಇದ್ಯಾವ ಲೆಕ್ಕನೂ ಹೇಳ್ಲಿಲ್ಲ. ಸೋಮವಾರ ರಾತ್ರಿ ಬ್ಯಾರಕ್ಕಲ್ಲಿ ಲೈಟ್ ಹಾಕಿ ಹೆಸರು ಓದ್ತಿದ್ರಂತೆ, ಬೆಳಿಗ್ಗೆ ಟ್ರೈನಂತೆ, ಲಿಸ್ಟಲ್ಲಿ ಹೆಸರು ಇಲ್ದೇ ಇದ್ದೋರು ಇನ್ನೊಂದು ವಾರ ಉಳಿದ್ವಿ ಅಂತ ಉಸಿರು ಬಿಡ್ತಿದ್ರಂತೆ, ಅಲ್ಲಿ ಸ್ಕೂಲೂ ಇತ್ತಂತೆ, ದೊಡ್ಡ ಆಸ್ಪತ್ರೆನೂ ಇತ್ತಂತೆ, ಅದೇ ಮಂಗಳವಾರ ಸಂಜೆ ಹಾಡು ಕುಣಿತದ ಪ್ರೋಗ್ರಾಮ್ ಬೇರೆ, ಮುಂದಿನ ಸಾಲಲ್ಲಿ ಕಮಾಂಡೆಂಟ್ ಕೂತ್ಕೋತಿದ್ನಂತೆ. "ಸತ್ತುಹೋಗೋರಿಗೆ ಯಾಕೆ ತಾತ ಆಸ್ಪತ್ರೆ?" ಅಂತ ಕೇಳಿದ್ಳು. ನಾನು ಕಾಫಿ ಲೋಟ ತೊಳೆಯೋ ನೆಪದಲ್ಲಿ ಎದ್ದೆ.

ಅಪ್ಪ ಮಾತ್ರ ಅವರ ಲೈನಲ್ಲೇ ಹೋದ್ರು. ಟ್ರ್ಯಾಕ್ ಎಲ್ಲಿಂದ ಎಲ್ಲಿಗೆ, ಡ್ರೈವರು ಯಾರು. ಉತ್ತರ ನಾನೇ ಕೊಡ್ಬೇಕಾಯ್ತು. ಮೊದಮೊದಲು ಹೋಗ್‌ಹಾಲೆನ್ ಸ್ಟೇಷನ್‌ನಿಂದ ಕ್ಯಾಂಪಿಗೆ ಜನ ಗಂಟುಮೂಟೆ ಹೊತ್ತು ನಡೀಬೇಕಿತ್ತು, 1942ರ ನವೆಂಬರಲ್ಲಿ ಕ್ಯಾಂಪಿನ ಒಳಗೇ ಲೈನ್ ಹಾಕಿದ್ರು. ಆಸೆನ್, ಗ್ರೋನಿಂಗೆನ್ ದಾಟಿ ನ್ಯೂವೆಸ್ಖಾನ್ಸ್ ಗಡಿ ತನಕ ಗಾಡಿ ಓಡಿಸಿದ್ದು ಡಚ್ ರೈಲ್ವೇ ಸಿಬ್ಬಂದಿನೇ. ನಾನು ಆಫೀಸಿಗೆ ಹೋಗ್ತಾ ಬನ್ ತಿನ್ಕೊಂಡು ನಿಲ್ತೀನಲ್ಲ, ಅದೇ ಗ್ರೋನಿಂಗೆನ್ ಮೇಲೆ. ಬಿಲ್ಲೂ ಆಗ್ತಿತ್ತು, ಜರ್ಮನ್ನರು ದುಡ್ಡು ಕಟ್ತಿದ್ರು. ಅಪ್ಪ ಸ್ವಲ್ಪ ಹೊತ್ತು ಏನೂ ಅನ್ಲಿಲ್ಲ. ಆಮೇಲೆ, "ಪ್ರತಿ ಸ್ಟೇಷನ್ನಲ್ಲೂ ಲೈನ್ ಕ್ಲಿಯರ್ ಕೊಟ್ಟೋನು ಒಬ್ಬ ಇರ್ಲೇಬೇಕಲ್ಲೋ" ಅಂದ್ರು.

ಈ ಮಾತು ಇಲ್ಲಿಯೋರಿಗೆ ಅರ್ಥ ಆಗೋಕೇ ಬಹಳ ವರ್ಷ ಹಿಡೀತು. ಇಲ್ಲಿಯವರ ಶಿಸ್ತನ್ನ ಹೊಗಳಿ ನಾನೇ ಊರಿಗೆ ಎಷ್ಟು ಮೆಸೇಜ್ ಕಳಿಸಿಲ್ಲ. ಆಗಲೂ ಯಾರು ಯಾವ ಮನೇಲಿದಾರೆ, ಯಾವ ಧರ್ಮ, ಎಲ್ಲಾ ನಗರಸಭೆ ರಿಜಿಸ್ಟರಲ್ಲಿ ನೀಟಾಗಿ ಇತ್ತು, ಆ ನೀಟುತನನೇ ಹಿಡಿಯೋರಿಗೆ ಅನುಕೂಲ ಆಯ್ತು. ಈ ದೇಶದ ಯಹೂದಿಗಳಲ್ಲಿ ಮುಕ್ಕಾಲು ಪಾಲು ಜನ ಉಳೀಲಿಲ್ಲ, ಪಶ್ಚಿಮ ಯುರೋಪಲ್ಲೇ ಜಾಸ್ತಿ. ರೈಲ್ವೇ ಕ್ಷಮೆ ಕೇಳಿದ್ದು 2005ರಲ್ಲಿ, ಪರಿಹಾರ ಕೊಡ್ತೀವಿ ಅಂದಿದ್ದು ಅದಕ್ಕೂ ಎಷ್ಟೋ ವರ್ಷ ಆದ್ಮೇಲೆ, ಸರ್ಕಾರದ ಪರವಾಗಿ ಪ್ರಧಾನಿ ಕ್ಷಮೆ ಕೇಳಿದ್ದು 2020ರಲ್ಲಿ. ಕಮಾಂಡೆಂಟ್ ಗೆಮ್ಮೆಕರ್‌ಗೆ ಸಿಕ್ಕಿದ್ದು ಹತ್ತು ವರ್ಷ ಜೈಲು, 1951ಕ್ಕೇ ಹೊರಗೆ. ಬಹಳ ಮರ್ಯಾದಸ್ಥ, ಕೂಗಾಡ್ತಿರ್ಲಿಲ್ಲ ಅಂತ ಹೆಸರು. ಅವನಿದ್ದ ಮರದ ಮನೆಗೆ ಈಗ ಗಾಜಿನ ಕಟ್ಟಡ ಹೊದಿಸಿ ಕಾಪಾಡ್ತಿದಾರೆ, ಜನ ಇದ್ದ ಬ್ಯಾರಕ್‌ಗಳು ಬಹುತೇಕ ಇಲ್ಲ. ನೋಡಿದಾಗ ನನಗೆ ಮೈ ಉರೀತು.

ಮಗಳಿಗೆ ಇಷ್ಟ ಆಗಿದ್ದು ಕಲ್ಲುಗಳು. ಹೆಸರು ಕೂಗ್ತಿದ್ದ ಮೈದಾನದಲ್ಲಿ, ಇಲ್ಲಿಂದ ಹೋಗಿ ವಾಪಸ್ ಬರದೇ ಇದ್ದೋರಲ್ಲಿ ಒಬ್ಬೊಬ್ಬರಿಗೆ ಒಂದರಂತೆ 1,02,000 ಕಲ್ಲು, ಒಂದು ಎತ್ತರ ಒಂದು ಗಿಡ್ಡ, ಬಹುಪಾಲು ತಲೆ ಮೇಲೆ ಯಹೂದಿಗಳ ನಕ್ಷತ್ರ, ಕೆಲವಕ್ಕೆ ಬೆಂಕಿಯ ಜ್ವಾಲೆ. ಜ್ವಾಲೆ ಇರೋದು ಸಿಂತಿ, ರೋಮಾ ಅಲೆಮಾರಿಗಳದ್ದು. 1944ರ ಮೇ 19ರಂದು ಅಂಥ 245 ಜನರನ್ನ ಇಲ್ಲಿಂದ ಆಶ್‌ವಿಟ್ಜ್‌ಗೆ ಕಳಿಸಿದ್ರು. ಅವತ್ತು ತೆಗೆದ ಫಿಲ್ಮಲ್ಲಿ ವ್ಯಾಗನ್ ಬಾಗಿಲ ಸಂದಿಲಿ ತಲೆಗೆ ಬಟ್ಟೆ ಸುತ್ಕೊಂಡ ಒಂದು ಹುಡುಗಿ ಕಾಣ್ತಾಳೆ, ಹೆಸರು ಸೆತ್ತೆಲ ಸ್ಟೈನ್‌ಬಾಖ್, ಒಂಬತ್ತು ವರ್ಷ. ಅವಳು ಯಾರು ಅಂತ ಗೊತ್ತಾಗಿದ್ದೇ 1994ರಲ್ಲಿ, ಅಲ್ಲೀವರೆಗೆ ಯಹೂದಿ ಹುಡುಗಿ ಅಂದ್ಕೊಂಡಿದ್ರು. ಅವಳ ಜನರ ಹಿಂದಿನ ತಲೆಮಾರು ಸಾವಿರ ವರ್ಷದ ಹಿಂದೆ ಭಾರತದ ಉತ್ತರದ ಕಡೆಯಿಂದ ಹೊರಟೋರು. ಅವೆನ್ಯೂ ರೋಡ್ ಫುಟ್‌ಪಾತಲ್ಲಿ ವ್ಯಕ್ತಿತ್ವ ವಿಕಸನದ ಪುಸ್ತಕಗಳ ಪಕ್ಕ ಹಿಟ್ಲರ್ ಆತ್ಮಕಥೆ ಇಟ್ಟು ಮಾರ್ತಾರಲ್ಲ, ಕೊಳ್ಳೋರಿಗೆ ಯಾರಾದ್ರೂ ಇದನ್ನೂ ಒಂದು ಮಾತು ಹೇಳ್ಬಾರ್ದಾ ಅನ್ಸುತ್ತೆ. ನಮಗೆ ಸ್ಕೂಲಲ್ಲಿ ಹಿಟ್ಲರ್ ಅಂದ್ರೆ ನಾಲ್ಕು ಮಾರ್ಕಿನ ಪ್ರಶ್ನೆ, ಇಲ್ಲಾಂದ್ರೆ ಪಿಟಿ ಮೇಷ್ಟ್ರ ಅಡ್ಡಹೆಸರು.

ಆ ಮೇಷ್ಟ್ರ ಫೋಟೋ ನಮ್ಮ ಹೈಸ್ಕೂಲ್ ವಾಟ್ಸಾಪ್ ಗ್ರೂಪಲ್ಲಿ ಮೊನ್ನೆ ಬಂತು, ನಮ್ಮ ಹಿಟ್ಲರ್ ಸರ್‌ಗೆ ಹ್ಯಾಪಿ ಬರ್ತ್‌ಡೇ ಅಂತ. ಒಳ್ಳೇ ಮನುಷ್ಯ ಪಾಪ, ಬೆತ್ತ ಹಿಡ್ಕೊಂಡು ಓಡಾಡ್ತಿದ್ರು ಅಷ್ಟೆ. ನಾನು ತಡೀಲಾರದೆ ವೆಸ್ಟರ್‌ಬೋರ್ಕ್ ಬಗ್ಗೆ, ಆ ಹುಡುಗಿ ಬಗ್ಗೆ ಉದ್ದಕ್ಕೆ ಬರೆದು ಹಾಕ್ದೆ. ಒಬ್ಬ ಕೈಮುಗಿಯೋ ಇಮೋಜಿ ಹಾಕ್ದ. ಇನ್ನೊಬ್ಬ, "ಬರ್ತ್‌ಡೇ ದಿನ ಇದೆಲ್ಲಾ ಯಾಕೆ ಗುರೂ" ಅಂದ. ಮೂರನೆಯವನು, ಟ್ಯೂಲಿಪ್ ನೋಡೋಕೆ ಯಾವ ತಿಂಗಳು ಬಂದ್ರೆ ಬೆಸ್ಟು, ನಿಮ್ಮನೇಲಿ ನಾಲ್ಕು ಜನಕ್ಕೆ ಜಾಗ ಆಗುತ್ತಾ ಅಂತ ಕೇಳಿದಾನೆ.